ಆಪ್ತಸಲಹೆ ಪ್ರಕರಣ: ರಿಟೈರ್ ಆದ ಮೇಲೆ ಬೆಳಗಾದರೆ ಏನು ಮಾಡೋದು?

ಗುರುತು ಸಿಗದ ಹಾಗೆ ಊರು, ಮನೆಯ ವಿವರ ಬದಲಿಸಿದ್ದೇನೆ. ಹೆಸರು ಬೇಡ, ಇವರನ್ನು ಕಂಡಕ್ಟರ್ ಎಂದೇ ಕರೆಯುತ್ತೇನೆ. ಬರೆಯಲು ಗಂಡ, ಹೆಂಡತಿ ಇಬ್ಬರೂ ಒಪ್ಪಿದ್ದಾರೆ.

60 ತುಂಬಿ ಬಸ್ ಕಂಡಕ್ಟರ್ ಕೆಲಸದಿಂದ ನಿವೃತ್ತಿಯಾದವರು. ಡಿಪೋದಲ್ಲಿ ಹಾರ, ಶಾಲು, ಫೋಟೋ ಎಲ್ಲ ಆಗಿತ್ತು. ಅದೇ ವರ್ಷ ಮಗಳ ಮದುವೆಯೂ ಆಯಿತು. ಐದಾರು ತಿಂಗಳಾದ ಮೇಲೆ ಹೆಂಡತಿ ಅವರನ್ನು ಕರೆದುಕೊಂಡು ಬಂದರು. "ನಿದ್ದೆ ಮಾಡಲ್ಲ ಮೇಡಂ. ನಾಲ್ಕಕ್ಕೇ ಎದ್ದು ಹಾಲ್‌ನಲ್ಲಿ ಓಡಾಡ್ತಾರೆ. ಏನು ಕೇಳಿದ್ರೂ ಸಿಡಿದು ಬೀಳ್ತಾರೆ" ಅಂದರು. ಇವರು ಮಾತಾಡಲಿಲ್ಲ. ನನ್ನ ಟೇಬಲ್ ಮೇಲಿದ್ದ ಒಂದು ರಸೀದಿ ತೆಗೆದುಕೊಂಡು ಉದ್ದಕ್ಕೆ ಮಡಚಿದರು. ನೋಟು ಹಿಡಿಯುವ ಹಾಗೆ ಎರಡು ಬೆರಳ ಸಂದಿಗೆ ಸಿಕ್ಕಿಸಿಕೊಂಡರು. ತೆಗೆದರು, ಮತ್ತೆ ಸಿಕ್ಕಿಸಿಕೊಂಡರು.

ಮೊದಲು ಡಾಕ್ಟರ ಹತ್ತಿರ ಕಳಿಸಿ ಬಿಪಿ, ಶುಗರ್, ಥೈರಾಯ್ಡ್ ನೋಡಿಸಿದೆ. ಮನಸ್ಸಿನ ತೊಂದರೆ ಅಂದುಕೊಂಡಿದ್ದು ಕೆಲವೊಮ್ಮೆ ಮೈಯದ್ದೂ ಆಗಿರುತ್ತದೆ. ಇವರಲ್ಲಿ ಅಂಥದ್ದೇನೂ ಸಿಗಲಿಲ್ಲ. ಸಾಯುವ ಯೋಚನೆ ಬರುತ್ತದೆಯಾ ಅಂತ ನೇರವಾಗಿಯೇ ಕೇಳಿದೆ. ಹೀಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟಿಸಿದಂತಾಗುತ್ತದೆ ಅಂತ ಮನೆಯವರು ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ, ಕೇಳಲೇಬೇಕು. "ಸಾಯೋ ಯೋಚನೆ ಇಲ್ಲ ಮೇಡಂ. ಆದ್ರೆ ಬೆಳಗಾದ್ರೆ ಏನು ಮಾಡೋದು ಅಂತ ಭಯ ಆಗುತ್ತೆ" ಅಂದರು. ನಿದ್ದೆ ಬರಲಿ ಅಂತ ರಾತ್ರಿ ಸ್ವಲ್ಪ ಕುಡಿಯುವುದೂ ಶುರುವಾಗಿತ್ತು. ಕುಡಿದರೆ ಬೇಗ ಕಣ್ಣು ಮುಚ್ಚುತ್ತದೆ ನಿಜ, ಆದರೆ ನಡುರಾತ್ರಿ ಕಳೆದ ಮೇಲೆ ನಿದ್ದೆ ಕೆಡಿಸುವುದೂ ಅದೇ. ನಾಲ್ಕಕ್ಕೆ ಎಚ್ಚರವಾಗುವುದಕ್ಕೆ ಅದರದ್ದೂ ಪಾಲಿದೆ ಅಂತ ಬಿಡಿಸಿ ಹೇಳಿದೆ.

ನೆಂಟರೆಲ್ಲ ಹೇಳಿದ್ದು ಒಂದೇ ಮಾತು: "ಮನಸ್ಸು ಗಟ್ಟಿ ಮಾಡ್ಕೋ, ಆರಾಮಾಗಿರು." ಈ ಮಾತು ನನಗೆ ಒಪ್ಪಿಗೆಯಿಲ್ಲ. ನಾಳೆ ಬೆಳಿಗ್ಗೆ ಎದ್ದು ಏನು ಮಾಡಬೇಕು ಅನ್ನುವುದು ಅದರಲ್ಲಿ ಇಲ್ಲವೇ ಇಲ್ಲ.

ಇವರಿಗೆ ನಾಚಿಕೆಯೂ ಇತ್ತು. ಮರ್ಯಾದೆಯಿಂದ ಕಳಿಸಿಕೊಟ್ಟಿದ್ದಾರೆ, ಮಗಳ ಮದುವೆ ಆಗಿದೆ, ಅಳುವುದು ಯಾಕೆ ಅಂತ. ಅದಕ್ಕೇ ಒಂದು ಪಟ್ಟಿ ತೋರಿಸಿದೆ. ಅಮೆರಿಕದ ಮನೋವೈದ್ಯರಾದ ಹೋಮ್ಸ್ ಮತ್ತು ರಾಹೆ 1967ರಲ್ಲಿ ಮಾಡಿದ್ದು. ಬದುಕಿನ 43 ಬದಲಾವಣೆಗಳು ಮನುಷ್ಯನನ್ನು ಎಷ್ಟೆಷ್ಟು ಅಲುಗಿಸುತ್ತವೆ ಅಂತ ಅಂಕ ಕೊಟ್ಟಿದ್ದಾರೆ. ಗಂಡ ಅಥವಾ ಹೆಂಡತಿಯ ಸಾವಿಗೆ 100, ತನ್ನದೇ ಮದುವೆಗೆ 50, ನಿವೃತ್ತಿಗೆ 45. ಖುಷಿಯ ಮದುವೆಗೂ 50 ಇದೆ ಅಲ್ವಾ? ಅವರು ಆ ಹಾಳೆಯನ್ನು ತುಂಬಾ ಹೊತ್ತು ನೋಡಿದರು.

ಮುಂದಿನ ಸಲ ಒಂದೇ ಪ್ರಶ್ನೆ ಬರೆದುಕೊಟ್ಟೆ: ಸಂಬಳ ಬಿಟ್ಟು ಡ್ಯೂಟಿ ನಿಮಗೆ ಏನೇನು ಕೊಡ್ತಿತ್ತು? ಇದರ ಹಿಂದೆ ಮರೀ ಯಹೋಡಾ ಎಂಬ ಮನಶ್ಶಾಸ್ತ್ರಜ್ಞೆಯ ಯೋಚನೆ ಇದೆ. ಆಸ್ಟ್ರಿಯಾದ ಮಾರಿಯೆಂತಾಲ್ ಊರಿನಲ್ಲಿ ಬಟ್ಟೆ ಗಿರಣಿ ಮುಚ್ಚಿತ್ತು. ಅಲ್ಲಿಯ ಜನರ ಬದುಕನ್ನು ಅವರು, ಜೊತೆಯವರು ಹತ್ತಿರದಿಂದ ನೋಡಿ 1933ರಲ್ಲಿ ಪ್ರಕಟಿಸಿದರು. ದಿನವಿಡೀ ಬಿಡುವಿದ್ದರೂ ಜನ ಲೈಬ್ರರಿಯಿಂದ ಪುಸ್ತಕ ಒಯ್ಯುವುದು ಕಡಿಮೆಯಾಗಿತ್ತು. ಗಂಡಸರ ನಡಿಗೆಯೇ ನಿಧಾನವಾಗಿತ್ತು. ಅಲ್ಲಿ ಊಟಕ್ಕೂ ಕಷ್ಟವಿತ್ತು, ಇವರಿಗೆ ಅದಿಲ್ಲ. ಆದರೆ ಕೆಲಸವು ಹಣದ ಜೊತೆಗೆ ಹೊತ್ತು, ಜನ, ಗುರುತು ಎಲ್ಲವನ್ನೂ ಕೊಡುತ್ತದೆ ಅನ್ನುವುದು ಆ ಊರಿನವರಿಗೂ ಇವರಿಗೂ ಹೊಂದುತ್ತದೆ.

ಕಂಡಕ್ಟರ್ ನಿಧಾನವಾಗಿ ಬರೆದರು. ಟೈಮು. ಜನ. ಚಿಲ್ಲರೆ, ವೇಬಿಲ್ ಲೆಕ್ಕ. ಯೂನಿಫಾರ್ಮ್. ಕೊನೆಗೆ ಪೆನ್ ಕೆಳಗಿಟ್ಟು, "ನಾನು ರೈಟ್ ಅನ್ನದೆ ಬಸ್ಸು ಹೊರಡ್ತಿರ್ಲಿಲ್ಲ ಮೇಡಂ" ಅಂದರು. ಕಣ್ಣಲ್ಲಿ ನೀರು ಬಂತು.

ಇದಿಷ್ಟನ್ನೂ ಒಂದೇ ಕೆಲಸದಲ್ಲಿ ಹುಡುಕಬೇಡಿ, ಒಂದೊಂದನ್ನೂ ಬೇರೆ ಬೇರೆ ಕಡೆ ಹುಡುಕೋಣ ಅಂದೆ. ದಿನಾ ಐದೂವರೆಗೆ ಏಳುವುದು. ಮೊದಲೇ ಎಚ್ಚರವಾದರೂ ಓಡಾಡದೆ ಸುಮ್ನೆ ಮಲಗಿರುವುದು ಅಥವಾ ಕೂತಿರುವುದು. ಸ್ನಾನ, ತಿಂಡಿ ಮುಗಿಸಿ ಹತ್ತಕ್ಕೆ ಮನೆಯಿಂದ ಹೊರಡಲೇಬೇಕು. "ಮನಸ್ಸು ಬಂದ್ರೆ ಹೋಗ್ತೀನಿ" ಅಂದರು. "ಮನಸ್ಸು ಬಂದ ದಿನ ಮಾತ್ರ ಡ್ಯೂಟಿಗೆ ಹೋಗ್ತಿದ್ರಾ?" ಅಂತ ಕೇಳಿದೆ. ಖಿನ್ನತೆ ಹತ್ತಿರ ಬಂದಾಗ ಮನಸ್ಸು ತಾನಾಗಿ ಬರುವುದಿಲ್ಲ. ಕೈಕಾಲು ಮೊದಲು ಹೊರಡಬೇಕು, ಮನಸ್ಸು ಆಮೇಲೆ ಬರುತ್ತದೆ.

ಹತ್ತಕ್ಕೆ ಹೊರಟು ಎಲ್ಲಿಗೆ ಹೋಗುವುದು? ದಾರಿಯನ್ನು ಅವರೇ ಕಂಡುಕೊಂಡರು. ಪಿಂಚಣಿದಾರರು ವರ್ಷಕ್ಕೊಮ್ಮೆ, ತಾವು ಬದುಕಿದ್ದೇವೆ ಅನ್ನುವ ಜೀವನ ಪ್ರಮಾಣ ಪತ್ರ ಕೊಡಬೇಕು. ಈಗ ಅದನ್ನು ಮೊಬೈಲಿಗೆ ಮುಖ ತೋರಿಸಿಯೂ ಕೊಡಬಹುದು. ಇದನ್ನು ಅಳಿಯನಿಂದ ಕಲಿತು ಬಡಾವಣೆಯ ಹಿರಿಯರಿಗೆ ಮಾಡಿಕೊಡತೊಡಗಿದರು. ಯಾರದ್ದು ಆಗಿದೆ, ಯಾರದ್ದು ಬಾಕಿ ಅಂತ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬರೆದಿಡುತ್ತಾರೆ.

ಹೆಂಡತಿಯ ಜೊತೆ ಬೇರೆಯಾಗಿ ಮಾತಾಡಿದೆ. ಇಂಥ ಪ್ರಕರಣಗಳಲ್ಲಿ ಅವರನ್ನು ಯಾರೂ ಕೇಳುವುದೇ ಇಲ್ಲ. "ಕುಕ್ಕರ್ ಎಷ್ಟು ಸಲ ಕೂಗ್ತು ಅಂತ ಎಣಿಸ್ತಾರೆ. ಇಷ್ಟು ವರ್ಷ ಅವರು ಡ್ಯೂಟಿಗೆ ಹೋದ್ಮೇಲೆ ಮನೆ ನಂದಾಗಿತ್ತು" ಅಂದರು. ಈ ಬದಲಾವಣೆ ಅವರಿಗೂ ಆಗಿದೆ, ಆದರೆ ಅವರಿಗೆ ನಿವೃತ್ತಿ ಇಲ್ಲ. ಹತ್ತರಿಂದ ಒಂದರವರೆಗೆ ಮನೆ ಅವರದ್ದು, ಅಡುಗೆಮನೆ ವಿಷಯದಲ್ಲಿ ಕೇಳದೆ ಸಲಹೆ ಕೊಡಬಾರದು, ಭಾನುವಾರದ ತಿಂಡಿ ಗಂಡನದ್ದು ಅಂತ ಇಬ್ಬರನ್ನೂ ಕೂರಿಸಿ ಮಾತಾಡಿಕೊಂಡೆವು.

ಎರಡು ವಾರ ಕಳೆದರೂ ಬೇಸರ, ನಿದ್ದೆಗೇಡು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಬಿಡದಿದ್ದರೆ ಮನೋವೈದ್ಯರನ್ನು ನೋಡಿ. ಸಾಯುವ ಯೋಚನೆ ಬಂದರೆ ಒಂದು ದಿನವೂ ಕಾಯಬೇಡಿ. 14416 ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಈಗ ಇವರಿಗೆ ಐದರವರೆಗೆ ನಿದ್ದೆ ಬರುತ್ತದೆ. ಕುಡಿತ ಕಡಿಮೆಯಾಗಿದೆ, ಪೂರ್ತಿ ಬಿಟ್ಟಿಲ್ಲ. ಅದಕ್ಕೆ ಡಾಕ್ಟರ ಸಲಹೆ ನಡೆಯುತ್ತಿದೆ. ಸಂಜೆ ಹೊತ್ತು ಇನ್ನೂ ಕಷ್ಟ. ಮಗಳು ಮನೆಗೆ ಬರುತ್ತಿದ್ದ ಹೊತ್ತು ಅದು. ಅದರ ಬಗ್ಗೆ ಅವರಿನ್ನೂ ಬಾಯಿ ಬಿಟ್ಟಿಲ್ಲ, ಮುಂದಿನ ಸಲ ಅಲ್ಲಿಂದಲೇ ಶುರು ಮಾಡುತ್ತೇನೆ. ಹೆಂಡತಿ ಒಂದು ವಾರ ತವರಿಗೆ ಹೋಗಿಬರಬೇಕು ಅಂದಿದ್ದಾರೆ. ಇವರು ಒಪ್ಪಿದ್ದಾರೆ.