ಗಂಟೆ ಹೊಡೆದ ಮೇಲೆ

ಕಳೆದ ಸಂಚಿಕೆಯ ಲೇಖನವೊಂದು ‘ಸರ್ವಾಧಿಕಾರಿ’ ಪದವನ್ನು ಬೈಗುಳದಂತೆ ಬಳಸಿತೆಂದು ಓದುಗರೊಬ್ಬರು ಮುನಿಸಿಕೊಂಡು ಎರಡು ಪುಟ ಬರೆದಿದ್ದಾರೆ. ಪ್ರಾಚೀನ ರೋಮಿನಲ್ಲಿ ಡಿಕ್ಟೇಟರ್ ಎಂಬುದು ಕಾನೂನುಬದ್ಧವಾದ, ಗೌರವದ ಹುದ್ದೆ. ಸಿನ್ಸಿನಾಟಸ್‌ನಂಥ ರೈತ, ನೇಗಿಲು ಬಿಟ್ಟು ಬಂದು ಯುದ್ಧ ಗೆದ್ದು ಮತ್ತೆ ಹೊಲಕ್ಕೆ ಮರಳಿ, ಅದನ್ನು ಬೆಳಗಿದ. ಈಗಲೂ ಅಂಥವನೊಬ್ಬ ಬಂದರೆ ತಪ್ಪೇನು ಎಂದು ಕೇಳಿದ್ದಾರೆ.

ಹುದ್ದೆ ಕಾನೂನುಬದ್ಧವಾಗಿತ್ತು, ಒಪ್ಪಿದೆ. ಇಷ್ಟು ಓದಿಕೊಂಡು ಬರೆಯುವವರು ನಮಗಿರುವುದೇ ಹೆಮ್ಮೆ. ಆದರೆ ಸ್ವಾಮಿ, ಆ ಹುದ್ದೆಯ ಜೀವ ಇದ್ದದ್ದು ಅದರ ಗಡುವಿನಲ್ಲಿ. ನೀವು ಬಿಟ್ಟದ್ದೂ ಅದನ್ನೇ.

ಡಿಕ್ಟೇಟರ್ ಪದದ ಬೇರು ಲ್ಯಾಟಿನ್ನಿನ ‘ಡಿಕ್ಟಾರೆ’: ಮತ್ತೆ ಮತ್ತೆ ಹೇಳು, ಹೇಳಿ ಬರೆಸು. ಅಂದರೆ ಶಾಲೆಯ ಉಕ್ತಲೇಖನದ ನಂಟು. ನಮಗೆ ಉಕ್ತಲೇಖನ ಬರೆಸುತ್ತಿದ್ದ ಮೇಷ್ಟರ ಎದುರು ಉಸಿರೆತ್ತುವಂತಿರಲಿಲ್ಲ. ಆದರೆ ಗಂಟೆ ಹೊಡೆದೊಡನೆ, ವಾಕ್ಯ ಅರ್ಧದಲ್ಲಿದ್ದರೂ, ಪುಸ್ತಕ ಮುಚ್ಚಿ ಎದ್ದುಬಿಡುತ್ತಿದ್ದರು. ರೋಮಿನವರ ಲೆಕ್ಕವೂ ಹಾಗೆಯೇ. ಹೆಚ್ಚೆಂದರೆ ಆರು ತಿಂಗಳು; ಒಪ್ಪಿಸಿದ ಕೆಲಸ ಮೊದಲೇ ಮುಗಿದರೆ ಮೊದಲೇ ಮನೆಗೆ. ಕ್ರಿ.ಪೂ. 363ರಲ್ಲಿ ಪಿಡುಗನ್ನು ಶಮನಗೊಳಿಸಲು ಜುಪಿಟರ್ ಗುಡಿಯಲ್ಲಿ ಮೊಳೆಯೊಂದನ್ನು ಹೊಡೆಯುವುದಕ್ಕೆಂದೇ ಮ್ಯಾನ್ಲಿಯಸ್ ಎಂಬಾತನನ್ನು ಡಿಕ್ಟೇಟರ್ ಮಾಡಿದರು. ಆತ ಮೊಳೆ ಹೊಡೆದವನು ಸುಮ್ಮನೆ ಹೋಗದೆ ಯುದ್ಧಕ್ಕೆ ಸೈನ್ಯ ಕಟ್ಟಲು ಹೊರಟ. ಜನಸಾಮಾನ್ಯರ ಪ್ರತಿನಿಧಿಗಳಾದ ಟ್ರಿಬ್ಯೂನರು ಒಟ್ಟಾಗಿ ತಿರುಗಿಬಿದ್ದು ಅವನನ್ನು ಇಳಿಸಿದರು. ನನಗೆ ಸಿನ್ಸಿನಾಟಸ್‌ಗಿಂತ ಈ ಮೊಳೆಯ ಕಥೆಯೇ ಇಷ್ಟ.

ಕ್ರಿ.ಪೂ. 82ರಲ್ಲಿ ಸೇನಾಪತಿ ಸುಲ್ಲಾ ಗಡುವಿಲ್ಲದೆ ಆ ಪಟ್ಟಕ್ಕೇರಿದ, ಕೊನೆಗೆ ತಾನಾಗಿ ಇಳಿದ. ಸೀಸರ್ ಕ್ರಿ.ಪೂ. 44ರಲ್ಲಿ ಆಜೀವ ಡಿಕ್ಟೇಟರ್ ಆದ, ಮಾರ್ಚ್ 15ರಂದು ಕೊಲೆಯಾದ. ಆಮೇಲೆ ಸೀಸರನ ಆಪ್ತ ಆಂಟನಿ ಆ ಹುದ್ದೆಯನ್ನೇ ರದ್ದುಮಾಡಿಸಿದ. ಕ್ರಿ.ಪೂ. 22ರಲ್ಲಿ ಜನ ದುಂಬಾಲು ಬಿದ್ದಾಗ ಸೀಸರನ ವಾರಸುದಾರ, ಚಕ್ರವರ್ತಿ ಅಗಸ್ಟಸ್ ಮೊಣಕಾಲೂರಿ, ಎದೆಯ ಮೇಲಿನ ಬಟ್ಟೆ ಸರಿಸಿ, ಆ ಹೆಸರು ಮಾತ್ರ ಬೇಡವೆಂದು ಬೇಡಿಕೊಂಡ. ಅಧಿಕಾರವನ್ನು ಮಾತ್ರ ಸಾಯುವವರೆಗೂ ಬಿಡಲಿಲ್ಲ.

ಕನ್ನಡದಲ್ಲಿ ‘ನಿರಂಕುಶ’ ಎಂಬ ಇನ್ನೊಂದು ಪದವಿದೆಯಲ್ಲ, ನನ್ನ ಒಲವು ಅದರ ಕಡೆಗೆ. ರೋಮಿನ ಆನೆಗೂ ಬಲವೇನು ಕಡಿಮೆಯಿರಲಿಲ್ಲ, ಆದರೆ ನೆತ್ತಿಯ ಮೇಲೆ ಆರು ತಿಂಗಳ ಅಂಕುಶವಿತ್ತು. ಈಗಿನವರನ್ನು ನಿರಂಕುಶರೆನ್ನಿ, ನಮ್ಮ ನಿಮ್ಮ ಜಗಳ ಅರ್ಧ ಮುಗಿಯುತ್ತದೆ.

ನನ್ನ ಅಳಲು ಬೇರೆಯೇ ಇದೆ. ತಡವಾಗಿ ಬಂದವನನ್ನು ಗದರಿಸುವ ತರಬೇತುದಾರ ಸರ್ವಾಧಿಕಾರಿ, ಮೊಬೈಲ್ ಕಿತ್ತಿಡುವ ತಾಯಿ ಸರ್ವಾಧಿಕಾರಿ. ಗಡುವಿಗೆ ಲೇಖನ ಕೇಳಿದರೆ ನಮ್ಮ ಉಪಸಂಪಾದಕರಿಗೆ ನಾನೂ ಸರ್ವಾಧಿಕಾರಿ! ನಿಜವಾದವರೋ ಆ ಹೆಸರಿನ ಹತ್ತಿರವೂ ಸುಳಿಯುವುದಿಲ್ಲ. ಮುಸೊಲಿನಿ, ಹಿಟ್ಲರ್ ಇಬ್ಬರೂ ‘ನಾಯಕ’ರು. ಲಿಬಿಯಾದ ಗಡಾಫಿಯಂತೂ 1979ರ ನಂತರ ತನಗೆ ಸರ್ಕಾರದಲ್ಲಿ ಹುದ್ದೆಯೇ ಇಲ್ಲವೆನ್ನುತ್ತಲೇ 2011ರವರೆಗೆ ಆಳಿದ.

ಅಂದಹಾಗೆ, ಸಿನ್ಸಿನಾಟಸ್ ಅಧಿಕಾರದಲ್ಲಿದ್ದದ್ದು ಅರವತ್ತು ದಿನ ಎಂದು ಬರೆದಿದ್ದೀರಿ. ಪರಂಪರೆ ಹೇಳುವ ಲೆಕ್ಕ ಹದಿನಾರು.