ದುಡ್ಡು ಕೊಟ್ಟು ತಗೊಂಡ ಸಾಫ್ಟ್‌ವೇರ್‌ಗೆ ಆನ್‌ಲೈನ್ ಆಕ್ಟಿವೇಶನ್ ಬೇಕಿದ್ದರೆ ಏನು ತೊಂದರೆ?

ಕಂಪನಿ ಆಕ್ಟಿವೇಶನ್ ಸರ್ವರ್ (ಸಾಫ್ಟ್‌ವೇರ್ ಬಳಸಲು ಇಂಟರ್ನೆಟ್ ಮೂಲಕ ಒಪ್ಪಿಗೆ ಕೊಡುವ ಕಂಪನಿಯ ಕಂಪ್ಯೂಟರ್) ನಿಲ್ಲಿಸಿದ ಮೇಲೆ, ನೀವು ಪೂರ್ತಿ ದುಡ್ಡು ಕೊಟ್ಟಿದ್ದರೂ ಅದನ್ನು ಮತ್ತೆ ಇನ್‌ಸ್ಟಾಲ್ ಮಾಡಿ ಬಳಸಲು ಆಗದೇ ಹೋಗಬಹುದು.

ಸೀರಿಯಲ್ ನಂಬರ್ ಇದ್ದರೆ ಸಾಕಲ್ವಾ? ಸಾಲದು. ಆಕ್ಟಿವೇಟ್ ಮಾಡುವಾಗ ಸಾಫ್ಟ್‌ವೇರ್ ಆ ನಂಬರಿನ ಜೊತೆ ಸಾಮಾನ್ಯವಾಗಿ ನಿಮ್ಮ ಹಾರ್ಡ್‌ಡಿಸ್ಕ್, ಮದರ್‌ಬೋರ್ಡ್ ಇಂಥವುಗಳ ಗುರುತನ್ನೂ ಸೇರಿಸಿ ಕಂಪನಿಗೆ ಕಳಿಸುತ್ತದೆ, ಅಲ್ಲಿಂದ ಬರುವ ಒಪ್ಪಿಗೆ ಆ ಒಂದು ಕಂಪ್ಯೂಟರಿಗೆ ಮಾತ್ರ. ಡಿಸ್ಕ್ ಕೆಟ್ಟು ಹೊಸದು ಹಾಕಿದರೆ ಮತ್ತೆ ಕೇಳಬೇಕು. ಉತ್ತರ ಕೊಡಲು ಆ ಕಡೆ ಸರ್ವರ್ರೇ ಇಲ್ಲ ಅಂದ್ರೆ ಸೀಡಿ, ಬಿಲ್, ನಂಬರ್ ಎಲ್ಲಾ ಇದ್ದೂ ಸುಮ್ನೆ.

ಹೀಗೆ ಆಗಿದ್ದೂ ಇದೆ. ಫೋಟೋಶಾಪ್ ಇದ್ದ, ಅಡೋಬಿ ಕಂಪನಿಯ ಸಿಎಸ್2 ಅನ್ನುವ ಸಾಫ್ಟ್‌ವೇರ್ ಕಟ್ಟು ಬಂದಿದ್ದು 2005ರಲ್ಲಿ. ಅದರ ಸರ್ವರ್ 2012ರ ಕೊನೆಗೆ ನಿಂತಿತು. ಪುಣ್ಯಕ್ಕೆ, ಆಕ್ಟಿವೇಶನ್ ಬೇಡದ ಪ್ರತಿಯನ್ನು ಕಂಪನಿಯೇ ಹಳೇ ಗ್ರಾಹಕರಿಗೆ ಕೊಟ್ಟಿತು (ಫೋಟೋಶಾಪ್ ಪುಕ್ಕಟೆ ಅಂದುಕೊಂಡು ಜನ ಮುಗಿಬಿದ್ದಿದ್ದು ಬೇರೆ ಕತೆ). ಎಲ್ಲರೂ ಹೀಗೆ ಮಾಡುತ್ತಾರೆ ಅಂತ ನಂಬಬೇಡಿ. ಕಂಪನಿಯೇ ಮುಚ್ಚಿದರೆ ಕೊಡುವವರು ಯಾರು?

ನನ್ನ ಪ್ರಕಾರ ಸಾಫ್ಟ್‌ವೇರ್‌ಗಿಂತ ಜಾಸ್ತಿ ಚಿಂತೆ ಅದರೊಳಗಿನ ನಿಮ್ಮ ಕೆಲಸದ್ದು. ಮುಖ್ಯ ಫೈಲುಗಳನ್ನು ಬೇರೆ ಸಾಫ್ಟ್‌ವೇರ್‌ನಲ್ಲೂ ತೆರೆಯುವ ಟಿಫ್, ಪಿಡಿಎಫ್ ರೂಪದಲ್ಲಿ ಈಗಲೇ ಒಂದೊಂದು ಪ್ರತಿ ಮಾಡಿಟ್ಟುಕೊಳ್ಳಿ.