ಮಾಲೂರಿನಿಂದ ಕೇಳಿದವರಿಗೆ: ಹುಡುಗ ಎಲ್ಲಕ್ಕೂ ‘ಹೌದು’ ಎನ್ನುತ್ತಿದ್ದರೆ

ಬೈಕ್ ಕಳವಿನಲ್ಲಿ ಸಿಕ್ಕಿಬಿದ್ದ 19ರ ಹುಡುಗ ಪೊಲೀಸರು ಕೇಳಿದ್ದಕ್ಕೆಲ್ಲ ತಲೆಯಾಡಿಸುತ್ತಿದ್ದಾನೆ, ಅವನ ತಾಯಿ, ಅಂದರೆ ನಿಮ್ಮ ಅಕ್ಕ, ಬಸುರಿಯಾಗಿದ್ದಾಗ ಸಾರಾಯಿ ಕುಡಿಯುತ್ತಿದ್ದರು, ಇದನ್ನು ಕೋರ್ಟಿನಲ್ಲಿ ಹೇಳಬಹುದೇ ಎಂದು ಕೇಳಿದ್ದೀರಿ. ಖಂಡಿತ ಹೇಳಬೇಕು.

ಗರ್ಭದಲ್ಲೇ ಮದ್ಯದಿಂದ ಮಿದುಳಿಗೆ ಹಾನಿಯಾದ ಸ್ಥಿತಿಯನ್ನು ವೈದ್ಯರು ಎಫ್‌ಎಎಸ್‌ಡಿ ಎನ್ನುತ್ತಾರೆ. ಇಂಥವರ ಮಾತು ಸರಾಗವಾಗಿರಬಹುದು, ಮುಖದಲ್ಲಿ ಯಾವ ಗುರುತೂ ಕಾಣದಿರಬಹುದು. ಆದರೆ ಹಲವರು ನೆನಪಿನಲ್ಲಿ ಬಿಟ್ಟುಹೋದದ್ದನ್ನು ಊಹೆಯಿಂದ ತುಂಬಿಸುತ್ತಾರೆ, ಎದುರಿಗಿದ್ದವರನ್ನು ಮೆಚ್ಚಿಸಲು ಒಪ್ಪಿಕೊಂಡುಬಿಡುತ್ತಾರೆ. ‘ನೀನೇ ತಾನೇ ಬೀಗ ಮುರಿದದ್ದು?’ ಎಂದರೆ ‘ಹೌದು ಸಾರ್’ ಅಷ್ಟೇ. ನೋಡುವವರು ಇದನ್ನು ಕಳ್ಳಾಟ ಎನ್ನುತ್ತಾರೆ. ನನಗೆ ಸಿಟ್ಟು ಬರುವುದು ಅಲ್ಲೇ.

ಪೊಲೀಸರೆದುರಿನ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಬಳಸುವಂತಿಲ್ಲ (ಭಾರತೀಯ ಸಾಕ್ಷ್ಯ ಅಧಿನಿಯಮ, ಕಲಂ 23). ಆದರೆ ಅವನು ಹೇಳಿದ ಜಾಗದಲ್ಲಿ ಬೈಕ್ ಸಿಕ್ಕರೆ ಹೇಳಿಕೆಯ ಅಷ್ಟು ಭಾಗ ಸಾಕ್ಷ್ಯವಾಗಿ ನಿಲ್ಲುತ್ತದೆ. ಮ್ಯಾಜಿಸ್ಟ್ರೇಟರ ಮುಂದೆ ಒಪ್ಪಿಕೊಂಡರಂತೂ ಭಾರ ಹೆಚ್ಚು. ಆದ್ದರಿಂದ ವಕೀಲರು ಮೊದಲು, ಹೇಳಿಕೆ ಆಮೇಲೆ. ಕೋಲಾರದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಬಂಧನದಲ್ಲಿರುವವರಿಗೂ ಅಂಗವಿಕಲರಿಗೂ ವಕೀಲರು ಉಚಿತ.

ನಿಮ್ಹಾನ್ಸ್‌ನಂಥ ಕಡೆ ತಪಾಸಣೆಗೆ ಕಳಿಸುವಂತೆ ವಕೀಲರ ಮೂಲಕ ಅರ್ಜಿ ಹಾಕಿಸಿ. ಶಾಲೆಯ ಅಂಕಪಟ್ಟಿ, ತಾಯಿ ಕಾರ್ಡ್, ಹಳೆಯ ಆಸ್ಪತ್ರೆ ಚೀಟಿ ಏನಿದ್ದರೂ ಒಟ್ಟುಮಾಡಿ. ಕುಡಿತದ ವಿಷಯವನ್ನು ಅಕ್ಕನೇ ವೈದ್ಯರಿಗೆ ಹೇಳಿದರೆ ಒಳ್ಳೆಯದು. ಅವರನ್ನು ಬೈಯಬೇಡಿ, ಜೊತೆಗೆ ಹೋಗಿ. ವರದಿ ಬಂದ ಮಾತ್ರಕ್ಕೆ ಕೇಸು ಬಿದ್ದುಹೋಗುವುದಿಲ್ಲ. ಜಾಮೀನಿಗೆ, ಶಿಕ್ಷೆ ತಗ್ಗಿಸಲು ವಕೀಲರಿಗೆ ಆಧಾರ ಸಿಗುತ್ತದೆ. ಘಟನೆಯ ದಿನ ಅವನಿಗೆ 18 ತುಂಬಿತ್ತೇ? ತುಂಬಿರದಿದ್ದರೆ ಪ್ರಕರಣ ಬಾಲನ್ಯಾಯ ಮಂಡಳಿಗೆ ಹೋಗಬೇಕು.